ವೈನಿಯ ಕೋಳಿಗಳು ಮತ್ತು ಅಣ್ಣನ ಗಡ್ಡೆ

“ಈ ಮನ್ಯಾಗ ಬಿ.ಎಸ್ಸಿ.? ಆಗೂ ಮಾತಲ್ಲ ಬಿಡ್ರಿ!” — ಹೀಗೆಂದವರು ಹುಮನಾಬಾದಿನ ನಮ್ಮ ಸೋದರಮಾವ. ಅವರ ಬಾಯಿ ಮುಚ್ಚಿಸುವ ಹಟಕ್ಕೆ ನಾನೊಂದು ಅರ್ಧಸತ್ಯ ಹೇಳಿ, ಏನೂ ತಪ್ಪು ಮಾಡದ ನಮ್ಮ ವೈನಿಯ, ಅಂದರೆ ಅತ್ತಿಗೆಯ, ಮೇಲೆ ಅಣ್ಣನ ಕಾಯಿಲೆಯ ದೋಷ ಹೊರಿಸಿದೆ. ಇಂದು ಒಪ್ಪಿಕೊಳ್ಳುತ್ತಿದ್ದೇನೆ.

ಮೂವತ್ತರ ದಶಕದ ಕೊನೆ. ನಮ್ಮೂರು ಬಸವಕಲ್ಯಾಣಕ್ಕೆ ಆಗ ಕಲ್ಯಾಣಿ ಎನ್ನುತ್ತಿದ್ದರು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ — ಹೈದರಾಬಾದಿನಲ್ಲಿ ಉರ್ದುವಿನಲ್ಲಿ ಪಾಠ, ಕನ್ನಡದಲ್ಲಿ ನಿದ್ದೆ! ಆ ವರ್ಷ ಅಣ್ಣನ ಮೆದುಳಿನಲ್ಲಿ ಗಡ್ಡೆ ಬೆಳೆದು, ಮುಂಬಯಿಯ ಡಾಕ್ಟರು ಅದನ್ನು ಕೊಯ್ದು ತೆಗೆದರು. ಅಣ್ಣ ಉಳಿದ. ಬೋಳುತಲೆಗೆ ರುಮಾಲು ಸುತ್ತಿಕೊಂಡು ಮನೆಗೆ ಬಂದವನೇ ಚಹಾ ಕೇಳಿದ.

ರಜೆಗೆ ಬಂದ ನನ್ನನ್ನು ಮಾವ ಎಲ್ಲರೆದುರು ಕೆಣಕಿದರು: “ಏನ್ ಸಾಹೇಬ್ರ, ಈ ಗಡ್ಡಿ ಯಾಕ ಬರ್ತದ? ಹೇಳ್ರಿ ನೋಡೂಣು!”

ತರಗತಿಯಲ್ಲಿ ಕೇಳಿದ್ದು ನೆನಪಾಯಿತು. ಕೋಳಿಯ ಗಡ್ಡೆಯನ್ನು ಅರೆದು, ರೋಗಾಣು ಕೂಡ ದಾಟದಂತೆ ಸೋಸಿ, ಆ ರಸವನ್ನು ಇನ್ನೊಂದು ಕೋಳಿಗೆ ಚುಚ್ಚಿದರೆ ಅದಕ್ಕೂ ಗಡ್ಡೆ ಬರುತ್ತದೆ — ಕಾರಣ ರೋಗಾಣುವಿಗಿಂತಲೂ ಸಣ್ಣದಾದ ವೈರಸ್.

“ಕೋಳಿಯಿಂದ” ಎಂದುಬಿಟ್ಟೆ. ಮನುಷ್ಯನ ಮೆದುಳಿನ ಗಡ್ಡೆಗೂ ಅದೇ ಕಾರಣವೋ ಅಲ್ಲವೋ ಇನ್ನೂ ಯಾರಿಗೂ ತಿಳಿಯದು ಎಂದು ಮೇಷ್ಟ್ರು ಕೊನೆಗೆ ಹೇಳಿದ್ದರಲ್ಲ — ಆ ಮಾತನ್ನು ನುಂಗಿಕೊಂಡೆ.

ಕೋಳಿ ಸಾಕಿದವರು ವೈನಿ. ಆಗ ಅವರ ಮುಖ... ಬೇಡ.

ಮರುದಿನವೇ ಕೋಳಿಗಳನ್ನೆಲ್ಲ ಬುಟ್ಟಿಗೆ ತುಂಬಿ ಕಳಿಸಿಬಿಟ್ಟರು. ಒಯ್ದವರು ಮಾವನೇ! “ಒಲಿ ಮ್ಯಾಲ ಕುದ್ದರ ನಿನ್ನ ವೈರಸ್ಸೂ ಸಾರಾಗ್ತದೋ” ಎನ್ನುತ್ತ ಹುಮನಾಬಾದಿನಲ್ಲಿ ಚಪ್ಪರಿಸಿ ಉಂಡರು, ಗಟ್ಟಿಯಾಗಿಯೇ ಇದ್ದರು. ವೈನಿ ಮಾತ್ರ ಅಣ್ಣನ ತಟ್ಟೆ ಮುಟ್ಟುವ ಮೊದಲು ಬೂದಿ ಹಚ್ಚಿ ಕೈ ಉಜ್ಜಿ ಉಜ್ಜಿ ತೊಳೆಯುತ್ತಿದ್ದರು. ಪ್ರತಿ ರಜೆಯಲ್ಲೂ ನೋಡಿದೆ. ಸುಮ್ಮನಿದ್ದೆ. ಇನ್ನೂ ಪಾಸಾಗದ ನನ್ನ ಮಾತು ಸುಳ್ಳಾಯಿತು ಎಂದರೆ ಮಾವ ಬಿಟ್ಟಾರೆಯೇ ಎಂಬ ಅಳುಕು — ಅಷ್ಟೇ, ಅದಕ್ಕಿಂತ ದೊಡ್ಡ ಕಾರಣವಿಲ್ಲ.

ಪದವಿಯ ಸರ್ಟಿಫಿಕೇಟು ತಂದ ದಿನ ಅದನ್ನು ವೈನಿಯ ಕೈಗಿಟ್ಟು, ಮಾವನೆದುರೇ ಹೇಳಿದೆ: “ವೈನಿ, ಕೋಳಿಯಿಂದ ಅಂದಿದ್ದು ಸುಳ್ಳು. ಅಣ್ಣಗ ಗಡ್ಡಿ ಯಾಕ ಬಂತು, ನನಗೂ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ.”

ಓದು ಬಾರದ ವೈನಿ ಕಾಗದವನ್ನು ಹಿಂದೆಮುಂದೆ ತಿರುಗಿಸಿದರು. ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು.

“ಗಂಡಗ ಈ ಬ್ಯಾನಿ ನಾನೇ ತಂದೆ ಅಂತ ಇಷ್ಟ್ ದಿನ ಒಳಗೊಳಗೇ ಸಾಯಾಕತ್ತಿದ್ದೆ, ತಮ್ಮಾ. ಈ ‘ಗೊತ್ತಿಲ್ಲ’ ಅನ್ನೂದು ಇದರಾಗ ಎಲ್ಲಿ ಬರ್ದಾರ? ಬೆರಳಿಟ್ಟು ತೋರ್ಸು.”