ಸೂಜಿ ನೋಡದ ಸರ್

ನಮ್ಮ ಫಿಸಿಕ್ಸ್ ಲ್ಯಾಬಿನ ಸರ್ ಯಾವ ಮೇಜಿನ ಹತ್ತಿರ ನಿಂತರೂ ಮೊದಲು ಮೊಬೈಲನ್ನು ಅಲ್ಲಿ ಕವುಚಿ ಇಡುತ್ತಿದ್ದರು, ಆಮೇಲೆ ಕನ್ನಡಕ ಒರೆಸುತ್ತಿದ್ದರು. ಯಾರು ಏನು ಕೇಳಿದರೂ ಒಂದೇ ಮಾತು: "ಉತ್ತರ ಗೊತ್ತುಂಟಲ್ಲ, ಬರಿ." ಸರಿಯುತ್ತರಗಳ ಪಟ್ಟಿ ಗೋಡೆಯ ಮೇಲಿತ್ತು. ಎಲ್ಲರೂ ಅದನ್ನು ನೋಡಿ, ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗ್ ಬರೆಯುತ್ತಿದ್ದರು.

ನಾನು ಬರೆಯಲಿಲ್ಲ. ಪಡೀಲಿನ ಮನೆಯಲ್ಲಿ ಅಮ್ಮ ಬೀಡಿ ಕಟ್ಟಿ ನನ್ನನ್ನು ಕಾಲೇಜಿಗೆ ಕಳಿಸಿದ್ದು ಕಲಿಯಲಿ ಅಂತ.

ಅವತ್ತು ಸರ್ ನನ್ನ ಮೇಜಿನ ಹತ್ತಿರ ನಿಂತಿದ್ದಾಗ ತಂತಿಸುರುಳಿಯ ನಡುವೆ ದಿಕ್ಸೂಚಿ ಇಟ್ಟು ಬ್ಯಾಟರಿ ಜೋಡಿಸಿದೆ. ಸೂಜಿ ಒಂದು ಕಡೆ ನಲವತ್ತೈದು ಡಿಗ್ರಿ ತಿರುಗಿತು. ತಂತಿ ಅದಲುಬದಲು ಮಾಡಿದರೆ ಆಚೆಗೂ ಅಷ್ಟೇ ತಿರುಗಬೇಕು, ಮೂವತ್ತೆಂಟಕ್ಕೆ ನಿಂತಿತು.

"ಎರಡೂ ನಲವತ್ತೈದು ಅಂತ ಬರಿ ಮಾರಾಯ್ತಿ" ಅಂದರು ಸರ್.

"ನಿಮ್ಮ ಮೊಬೈಲ್ ಸ್ವಲ್ಪ ತೆಗೀತೀರಾ ಸರ್? ಅದರ ಸ್ಪೀಕರಿನಲ್ಲಿ ಅಯಸ್ಕಾಂತ ಉಂಟು."

ಇಡೀ ಬ್ಯಾಚ್ ನಕ್ಕಿತು. ಸರ್ ನನ್ನ ರೆಕಾರ್ಡಿನ ಪುಟಕ್ಕೆ ಕೆಂಪು ಗೆರೆ ಎಳೆದರು. "ಬೀಡಿ ಕಟ್ಟುವ ಮನೆಯಿಂದ ಬಂದು ನನಗೆ ಕಲಿಸ್ತೀಯಾ? ಇನ್ನೊಮ್ಮೆ ಮಾಡು. ಇಲ್ಲದಿದ್ರೆ ಸಹಿ ಇಲ್ಲ." ಸಹಿ ಇಲ್ಲದೆ ಪರೀಕ್ಷೆಗೆ ಕೂರುವ ಹಾಗಿರಲಿಲ್ಲ.

ಅವರು ಮೊಬೈಲ್ ಜೇಬಿಗೆ ಹಾಕಿಕೊಂಡು ತಮ್ಮ ಕುರ್ಚಿಗೆ ಹೋದ ಮೇಲೆ ಮತ್ತೆ ಮಾಡಿದೆ. ಎರಡೂ ಕಡೆ ನಲವತ್ತೆರಡು!

"ಸರ್, ಬಂದು ನೋಡಿ."

ಅವರು ಏಳಲಿಲ್ಲ. "ನಿನಗೆ ಎಂತ ಬೇಕು, ಸಹಿಯಾ, ನಾನು ನೋಡುವುದಾ?"

ರೆಕಾರ್ಡ್ ಹಿಡಿದುಕೊಂಡು ನಾನೇ ಅವರ ಮೇಜಿಗೆ ಹೋದೆ. ಓದದೆ ಸಹಿ ಹಾಕಿದರು.

ನಮ್ಮ ಮನೆಯ ಮೊದಲ ಪದವಿ ನನ್ನದು. ಆ ಸಹಿ ನೆನಪಾದರೆ ಈಗಲೂ ಸಿಟ್ಟು ಬರುತ್ತದೆ, ಅವರ ಮೇಲೂ, ಬಾಯಿ ಮುಚ್ಚಿಕೊಂಡು ಹೋದ ನನ್ನ ಮೇಲೂ.