ಕುಬೇರಪ್ಪ ವಸ್ತಾದ ಹೇಳಿದ ಸೋಲು

ಆಗಿನ ಯರಗುಪ್ಪಿಯ ಗರಡಿ ನೋಡದವರಿಗೆ ಅದರ ಗತ್ತು ಎಷ್ಟು ಹೇಳಿದರೂ ತಿಳಿಯುವುದಿಲ್ಲ. ಕೆಮ್ಮಣ್ಣಿಗೆ ಮಜ್ಜಿಗೆ, ಎಣ್ಣೆ, ಅರಿಸಿನ ಕಲಸಿ ಹದ ಮಾಡಿದರೆ ಅದರ ವಾಸನೆ ಓಣಿಯ ತುದಿಗೇ ಬಂದು ಮೂಗಿಗೆ ಬಡಿಯುತ್ತಿತ್ತು. ಈಗಿನವರು ಬೆವರಿಗೂ ಸೆಂಟು ಹೊಡೆಯುತ್ತಾರೆ, ಅವರ ಮಾತು ಬಿಡಿ. ಆ ಗರಡಿಯಲ್ಲಿ ಕುಸ್ತಿ ಕಲಿಸುವ ವಸ್ತಾದ ಕುಬೇರಪ್ಪ. ಹದಿನೈದು ವರ್ಷ ಪಲ್ಟನ್ನಿನಲ್ಲಿದ್ದು ಸಾವಿರದ ಒಂಬೈನೂರ ಅರವತ್ತೈದರಲ್ಲಿ ಊರಿಗೆ ತಿರುಗಿ ಬಂದವನು. ಆಳು ಅಗದಿ ವಾಡೆಯ ಬಾಗಿಲಿನಂತೆ, ಸಿಟ್ಟು ಮೂಗಿನ ತುದಿಯಲ್ಲಿ.

ಅವನು ಹಾಕಿದ ಕಟ್ಟಳೆ ಒಂದೇ. ಹೊರಗೂರಿನಲ್ಲಿ ಕುಸ್ತಿ ಸೋತು ಬಂದವನು ಮರುದಿನ ಮುಂಜಾನೆ ನೆಲಕ್ಕೆ ಕೂತು, ತಾನು ಎಲ್ಲಿ ತಪ್ಪಿದೆ ಅಂತ ಎಲ್ಲರೆದುರು ಹೇಳಬೇಕು. ಎದುರಿನ ಜೋಡಿ ದೊಡ್ಡದಿತ್ತು, ಪಂಚರು ಮೋಸ ಮಾಡಿದರು, ಹೊಟ್ಟೆ ಕೆಟ್ಟಿತ್ತು, ಇಂಥ ಸಬೂಬು ನಡೆಯುತ್ತಿರಲಿಲ್ಲ. ಕೇಳುವವರು ನಗುವಂತಿರಲಿಲ್ಲ. ನಕ್ಕವನಿಗೆ ಇನ್ನೂರು ಬಸ್ಕಿ!

ಗರಡಿಯ ಹಿರಿಯ ಪೈಲವಾನ ರಹಿಮಾನಸಾಬ ಮಾತ್ರ ಆಗಾಗ ಚುಚ್ಚುತ್ತಿದ್ದ. "ಎಲ್ಲಾರೂ ತಮ್ಮ ತಮ್ಮದು ಹೇಳಿದ್ರು ಕುಬೇರಪ್ಪಾ. ಚೀನಾದವರ ಕೂಡ ಆದ ಕುಸ್ತಿ ನೀ ಯಾವಾಗ ಹೇಳಾಂವಪಾ?"

ಕುಬೇರಪ್ಪ ಮಾರಿ ಗಂಟು ಹಾಕಿಕೊಂಡು ಎದ್ದು ಹೋಗುತ್ತಿದ್ದ.

ಅವನ ಜೀವದ ಗೆಳೆಯ ಈರಪ್ಪ. ಇಬ್ಬರೂ ಕೂಡಿಯೇ ಭರ್ತಿಯಾದವರು. ಹೊರಟ ದಿನ ಕುಂದಗೋಳ ಸ್ಟೇಶನ್ನಿನವರೆಗೆ ನಡೆದುಕೊಂಡು ಹೋಗಿ, ಈರಪ್ಪನ ಹೆಂಡತಿ ಶಾರದವ್ವ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಹಿಂಡಿ ಗಾಡಿ ಬರುವುದರೊಳಗೇ ಖಾಲಿ ಮಾಡಿದ್ದರು. ಈರಪ್ಪ ಮಹಾ ನಗಿಸುವ ಪ್ರಾಣಿ. ಸುಬೇದಾರನ ನಡಿಗೆಯನ್ನು ಹುಬೇಹೂಬ ನಡೆದು ತೋರಿಸಿ ಬರಾಕಿನಲ್ಲಿದ್ದವರನ್ನೆಲ್ಲ ಉರುಳಾಡಿಸುತ್ತಿದ್ದ. ಎಂಥ ದಿನಗಳವು! ಜೋಳದ ಹೊಲದ ಬದುವಿನ ಮೇಲೆ ಒಬ್ಬನೇ ಕೂತಾಗ ಕುಬೇರಪ್ಪನಿಗೆ ಆ ನಗು ಕಿವಿಯಲ್ಲಿ ಕೇಳುತ್ತಿತ್ತು, ಕಣ್ಣು ತುಂಬಿ ಬರುತ್ತಿತ್ತು.

ಅರವತ್ತೆರಡರ ಯುದ್ಧದಲ್ಲಿ ಈರಪ್ಪ ಹೋದವನು ಹೋದ. ಸರಕಾರದ ಕಾಗದದಲ್ಲಿ 'ಪತ್ತೆ ಇಲ್ಲ' ಅಂತ ಬಂತು. ಚೀನಾದವರು ಹಿಡಿದಿದ್ದ ಕೈದಿಗಳು ಬಿಡುಗಡೆಯಾಗಿ ಬಂದರು, ಅವರಲ್ಲೂ ಅವನಿಲ್ಲ. ಊರು ಸುಮ್ಮನಿರುತ್ತದೆಯೇ? ಅಂಜಿ ಓಡಿಹೋಗಿದ್ದಾನೆ ಅಂತ ತೀರ್ಪು ಕೊಟ್ಟಿತು.

ಎಪ್ಪತ್ತೊಂದರ ಡಿಸೆಂಬರಿನಲ್ಲಿ ನಮ್ಮವರು ಗೆದ್ದಾಗ ಊರಿಗೆ ಊರೇ ಪೇಢೆ ಹಂಚಿತು. ಸಾಲೆಯ ಮುಂದೆ ದಂಡಿಗೆ ಹೋದವರ ಹೆಸರಿನ ಕಲ್ಲು ನಿಲ್ಲಿಸಬೇಕೆಂದು ಹಿರಿಯರು ಹುರುಪಿನಿಂದ ಗೊತ್ತು ಮಾಡಿದರು. ಹೆಸರುಗಳ ಯಾದಿ ಬರೆದವರು ಹೆಡ್‌ಮಾಸ್ತರ ಪಂಢರಿನಾಥರು. ಅದರಲ್ಲಿ ಈರಪ್ಪನ ಹೆಸರಿರಲಿಲ್ಲ.

ಕುಬೇರಪ್ಪ ಹೋಗಿ ಕೇಳಿದ. "ಓಡಿಹೋದವನ ಹೆಸರು ಕೆತ್ತಿಸಿದ್ರ ನಾಳೆ ನಾಲ್ಕು ಮಂದಿ ಕೇಳತಾರೋ," ಅಂದರು ಮಾಸ್ತರು. "ಅವನು ಓಡಿಲ್ಲ ಅಂತ ಹೇಳೋರು ಯಾರರೆ ಇದ್ದಾರೇನು?"

ಇದ್ದ. ಮಾಸ್ತರ ಎದುರಿಗೇ ನಿಂತಿದ್ದ. ರುಮಾಲು ಸರಿಮಾಡಿಕೊಂಡು ಹೊರಬಿದ್ದ. ಕಲ್ಲು ಒಮ್ಮೆ ಕೆತ್ತಿದರೆ ಈರಪ್ಪ ಶಾಶ್ವತವಾಗಿ ಓಡಿಹೋದವನೇ ಆಗಿ ಉಳಿಯುತ್ತಾನೆ ಅನ್ನುವುದೊಂದೇ ತಲೆಯಲ್ಲಿ ಕೊರೆಯತೊಡಗಿತು.

ಜನವರಿ ಇಪ್ಪತ್ತಾರು ಬಂತು. ಧಾರವಾಡದಿಂದ ನಿವೃತ್ತ ಕ್ಯಾಪ್ಟನ್ ಸಾಹೇಬರೊಬ್ಬರು ಬಂದು ಝೇಂಡಾ ಏರಿಸಿ ಭಾಷಣ ಬಿಗಿದರು. ನಮ್ಮ ಸೈನ್ಯ ಬೆನ್ನು ತೋರಿಸಿದ್ದು ಎಂದೂ ಇಲ್ಲ ಅಂದರು. ಚಪ್ಪಾಳೆಯೋ ಚಪ್ಪಾಳೆ. ಮಾಸ್ತರು ಯಾದಿ ಓದಿದರು. ಕುಬೇರಪ್ಪ ಎದ್ದ, ರುಮಾಲು ತೆಗೆದು ಪಕ್ಕಕ್ಕಿಟ್ಟ, ಎಲ್ಲರ ಮುಂದೆ ಬಂದು ನೆಲಕ್ಕೆ ಕೂತ.

ಗರಡಿಯ ಹುಡುಗರಿಗೆ ಅದರ ಅರ್ಥ ತಕ್ಷಣ ತಿಳಿಯಿತು.

"ಅರವತ್ತೆರಡರಾಗ ನಾವು ಸೋತ್ವಿ," ಅಂದ ಕುಬೇರಪ್ಪ. "ಬರ್ಫದಾಗ ನಮ್ಮ ಕಾಲಾಗ ಕ್ಯಾನ್ವಾಸ್ ಬೂಟು. ಕೈಯಾಗ ಎಣಿಸಿ ಕೊಟ್ಟ ಗುಂಡು. ಮ್ಯಾಲಿನವರು ನಕಾಶಿ ನೋಡಿ ಇಲ್ಲೇ ನಿಲ್ಲರಿ ಅಂದ್ರು. ಆ ಜಾಗಾ ಅವರು ಕಣ್ಣಿಲೆ ಕಂಡಿರಲಿಲ್ಲ. ಹಿಂದ ಸರಿಯೂ ಹೊತ್ತಿಗೆ ನಮ್ಮ ಸಾಹೇಬ ಎಲ್ಲಾರಕಿಂತ ಮೊದಲ ಜೀಪ್ ಹತ್ತಿದ."

ಕ್ಯಾಪ್ಟನ್ ಸಾಹೇಬರ ಮುಖ ಕೆಂಪಾಯಿತು. "ಏ, ಇದೆಲ್ಲಾ ಇಲ್ಲಿ ಆಡೂ ಮಾತಲ್ಲ. ಕುಂಡ್ರು ಸುಮ್ಮನ!"

"ಕುಂತಽ ಹೇಳಾಕತ್ತೇನ್ರಿ ಸಾಹೇಬ್ರ."

ಬೇರೆ ದಿನವಾಗಿದ್ದರೆ ಜನ ಬಿದ್ದು ಬಿದ್ದು ನಗುತ್ತಿದ್ದರು. ಅವತ್ತು ಯಾರೂ ನಗಲಿಲ್ಲ.

"ಅದು ಅವರ ತಪ್ಪಾತು. ಇನ್ನ ನಂದು ಕೇಳ್ರಿ. ಈರಪ್ಪ ಮತ್ತ ಮೂರು ಮಂದಿ ಹಳ್ಳದ ಆಚಿ ದಂಡಿ ಮೋರ್ಚಾದಾಗ ತೆಗ್ಗು ತೋಡಿ ಕುಂತಿದ್ರು. ಹಿಂದ ಬರ್ರಿ ಅಂತ ಅವರಿಗೆ ಹೇಳಿ ಬಾ ಅಂತ ಸುಬೇದಾರ ನನ್ನ ಕಳಿಸಿದ. ಅರ್ಧ ದಾರಿ ಹೋದೆ. ತೋಪಿನ ಗುಂಡು ಬೀಳಾಕತ್ತು. ಅಂಜಿದೆ. ತಿರುಗಿ ಬಂದು, ಹೇಳಿ ಬಂದೇನಿ ಅಂತ ಸುಳ್ಳ ಹೇಳಿದೆ. ಈರಪ್ಪ ಓಡಿಲ್ರಿ. ಓಡು ಅಂತ ಅವಗ ಯಾರೂ ಹೇಳಽ ಇಲ್ಲ. ಓಡಿದಾಂವ ನಾನು."

ಸಾಹೇಬರು ತಮ್ಮ ಬೂಟು ನೋಡಿಕೊಂಡರು. ಆಮೇಲೆ ಏನನ್ನಿಸಿತೋ, ಮಾಸ್ತರ ಕೈಯಿಂದ ಯಾದಿ ಇಸಿದುಕೊಂಡು ಈರಪ್ಪನ ಹೆಸರನ್ನು ಎಲ್ಲಕ್ಕಿಂತ ಮೇಲೆ ತಾವೇ ಬರೆದರು.

ಅವತ್ತು ಕುಬೇರಪ್ಪ ಒಂಬತ್ತು ವರ್ಷದ ಮೇಲೆ ಹೊಟ್ಟೆ ತುಂಬ ಉಂಡ. ಊರು ತನಗೆ ಏನು ಬೇಕಾದರೂ ಅನ್ನಲಿ, ಗೆಳೆಯನ ಹೆಸರು ಉಳಿಯಿತಲ್ಲ, ಅಷ್ಟು ಸಾಕು ಅನ್ನಿಸಿತು.

ಮರುದಿನ ಮಧ್ಯಾಹ್ನ ಈರಪ್ಪನ ಹೆಂಡತಿ ಶಾರದವ್ವ ಅವನ ಮನೆಗೆ ಬಂದಳು. ಸೆರಗು ಮುಂದೆ ಎಳೆದುಕೊಂಡು ಕಟ್ಟೆಯ ಅಂಚಿಗೆ ಕೂತಳು. ಬೈಯಲಿಕ್ಕೆ ಬಂದಿದ್ದಾಳೆ ಅಂದುಕೊಂಡ ಕುಬೇರಪ್ಪ. ಕಾಲಲ್ಲಿದ್ದದ್ದು ಕೈಗೆ ತಗೊಂಡರೂ ತಲೆ ಒಡ್ಡುವುದೇ ಸೈ ಅಂತ ಗಟ್ಟಿ ಮನಸ್ಸು ಮಾಡಿ ನಿಂತ.

"ತಪ್ಪಾತು ತಂಗಿ. ಆದ್ರ ಇನ್ನ ಮ್ಯಾಲೆ ಅವನ್ನ ಓಡಿಹೋದಾಂವ ಅಂತ ಯಾರೂ ಅನ್ನೂದಿಲ್ಲ ನೋಡು," ಅಂದ.

"ಊರು ಹಂಗ ಅಂದಾಗ ನಾ ಯಾವತ್ತರೆ ಜಗಳಾ ತಗದೇನೇನು ಕುಬೇರಣ್ಣಾ?"

ಕುಬೇರಪ್ಪ ನೆನಪು ಮಾಡಿಕೊಂಡ. ಇಲ್ಲ, ಒಮ್ಮೆಯೂ ತೆಗೆದಿರಲಿಲ್ಲ.

"ಓಡಿದಾಂವ ಎಲ್ಲೆರೆ ಬದುಕಿರತಾನು. ಅಂವ ಖರೇನ ಓಡಿಹೋಗಿರಲಿ ದೇವ್ರ ಅಂತ ದಿನಾ ಮುಂಜಾನೆ ಬಸವಣ್ಣಗ ಬೇಡಿಕೊಂಡು ಕುಂಕುಮ ಹಚಗೋತಿದ್ದೆ," ಅಂದಳು ಶಾರದವ್ವ. "ನಿನ್ನಿ ನೀ, ಅಂವ ಓಡಿಲ್ಲ ಅಂದಿ."

ಅವಳು ಎದ್ದಳು. ಸೆರಗು ಹಿಂದೆ ಸರಿಯಿತು. ಕುಬೇರಪ್ಪ ಆಗ ಅವಳ ಹಣೆ ನೋಡಿದ.