ಜಿಪ್ಪಣ್ಣ ಒಳಗೆ ನೋಡಲಿಲ್ಲ

ಬಸ್ ನಿಲ್ದಾಣದ ಮೆಟ್ಟಿಲ ಪಕ್ಕ, ನೀರಿನ ತೊಟ್ಟಿಗೆ ಬೆನ್ನು ಕೊಟ್ಟು ನಿಂತ ಪೆಟ್ಟಿಗೆಯಂಥ ಚೀಲ ರಿಪೇರಿ ಅಂಗಡಿ ಅವನದು. ಹೆತ್ತವರು ಇಟ್ಟ ಹೆಸರು ಏನೋ ಇತ್ತು. ಊರು ಅದನ್ನು ಮರೆತು ಜಿಪ್ಪಣ್ಣ ಎಂದು ಕರೆಯತೊಡಗಿ ಬಹಳ ಕಾಲವಾಗಿತ್ತು. ಕಿತ್ತ ಹಿಡಿ, ಕಳಚಿದ ಚಕ್ರ, ಹಲ್ಲು ಕಚ್ಚಿ ಕೂತ ಜಿಪ್ಪು, ಯಾವುದನ್ನು ತಂದರೂ ಅವನು ಕೈಚೆಲ್ಲುತ್ತಿರಲಿಲ್ಲ. ಮೇಣದಬತ್ತಿಯ ತುಂಡು ಉಜ್ಜಿ, ಇಕ್ಕಳದಿಂದ ಮೆಲ್ಲಗೆ ಅದುಮಿ, ಹಟಮಾರಿ ಮಗುವನ್ನು ರಮಿಸುವಂತೆ ಜಿಪ್ಪನ್ನು ದಾರಿಗೆ ತರುತ್ತಿದ್ದ.

ಅವನಿಗೊಂದು ನಿಯಮವಿತ್ತು. ಪ್ರಯಾಣದ ಗಡಿಬಿಡಿಯಲ್ಲಿ ಜನ ತುಂಬಿದ ಚೀಲವನ್ನೇ ತಂದುಕೊಡುತ್ತಿದ್ದರು. ಜಿಪ್ಪು ಬಿಟ್ಟುಕೊಂಡ ಕೂಡಲೇ ಅವನು ಮುಖವನ್ನು ಆಚೆ ತಿರುಗಿಸಿ ಮತ್ತೆ ಎಳೆದು ಮುಚ್ಚುತ್ತಿದ್ದ. ಊರವರ ಚೀಲದ ಒಳಗು ನಮಗ್ಯಾಕೆ ಅನ್ನುವುದು ಅವನ ಮಾತು.

“ಮನೆ ಡಬ್ಬಗಳನ್ನೂ ಹಂಗೇ ನೋಡೋದಿಲ್ಲ ಇವರು,” ಎಂದು ಹೆಂಡತಿ ಛೇಡಿಸುತ್ತಿದ್ದಳು. “ಸಕ್ಕರೆ ಮುಗಿದು ವಾರ ಆಗಿದ್ರೂ ಚಹಾ ಯಾಕೆ ಸಪ್ಪೆ ಅಂತ ನನ್ನನ್ನೇ ಕೇಳ್ತಾರೆ.”

ಮತದಾನ ಹತ್ತಿರವಾದಂತೆ ನಿಲ್ದಾಣದ ಗೋಡೆಗಳ ತುಂಬ ಕೆಂಪು ಅಕ್ಷರಗಳು ಬಂದವು. ವಾರಸುದಾರರಿಲ್ಲದ ವಸ್ತು ಮುಟ್ಟಬೇಡಿ. ಅನುಮಾನ ಬಂದರೆ ತಿಳಿಸಿ. ಸುಮ್ಮನಿದ್ದರೆ ನೀವೂ ಅಪರಾಧಿ. ಗೋಡೆ ಹೇಳಿದ್ದನ್ನೇ ಧ್ವನಿವರ್ಧಕ ದಿನವಿಡೀ ಹೇಳುತ್ತಿತ್ತು. ಮಂತ್ರಿಗಳು ಸಭೆಸಭೆಯಲ್ಲೂ, “ಅವರು ಬಂದಾಗಿದೆ, ನಿಮ್ಮ ನಡುವೆಯೇ ಇದ್ದಾರೆ. ನಾನಿಲ್ಲದಿದ್ದರೆ ನಿಮ್ಮ ಮಕ್ಕಳನ್ನು ಕಾಯುವವರು ಯಾರು?” ಎಂದು ಕೇಳುತ್ತಿದ್ದರು. ಅವರು ಯಾರು, ಬಂದದ್ದು ಎಲ್ಲಿಂದ ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ.

“ಹೋದ ಸಲ ರಸ್ತೆ ಮಾಡಿಸ್ತೀನಿ ಅಂದಿದ್ರು,” ಎಂದ ಪಕ್ಕದ ಚಹಾದವನು. “ಈಗ ರಸ್ತೆ ಸುದ್ದಿನೇ ಇಲ್ಲ. ಎದೆ ಡವಡವ ಅಂತಿರುವಾಗ ಗುಂಡಿ ಯಾರ ಕಣ್ಣಿಗೆ ಬೀಳುತ್ತೆ ಹೇಳು?”

ಅದೇ ಚಹಾದವನು ಕೆಲವು ದಿನಗಳಲ್ಲಿ ತನ್ನ ಬೆಂಚನ್ನು ದೂರಕ್ಕೆ ಎಳೆದುಕೊಂಡ. “ತಪ್ಪು ತಿಳೀಬೇಡ ಮಾರಾಯ, ಆ ಚೀಲಗಳನ್ನ ಸ್ವಲ್ಪ ಆ ಕಡೆ ತೂಗಿಹಾಕು,” ಅಂದ. ಜಿಪ್ಪಣ್ಣ ನಕ್ಕ. ಆದರೆ ಅಂದಿನಿಂದ ಅವನ ಕಣ್ಣೂ ಆಗಾಗ ಆ ಚೀಲಗಳ ಕಡೆ ಹೊರಳತೊಡಗಿತು.

ಒಂದು ಬೆಳಿಗ್ಗೆ ಹೊಸಬನೊಬ್ಬ ಕಂದು ಚೀಲ ತಂದಿಟ್ಟ. “ಜಿಪ್ಪು ಕಚ್ಚಿಕೊಂಡಿದೆ ಅಣ್ಣಾ, ಒಳಗಿನದನ್ನ ತೆಗೆಯೋಕೇ ಆಗ್ತಿಲ್ಲ. ಸಂಜೆ ಬರ್ತೀನಿ,” ಎಂದು ಬಸ್ಸಿಗೆ ಓಡಿದ. ಜಿಪ್ಪಣ್ಣ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡ. ಒಳಗೆ ದುಂಡನೆಯದೇನೋ ಕೈಗೆ ತಾಗಿತು. ಕಿವಿಗೊಟ್ಟ. ಟಿಕ್, ಟಿಕ್, ಟಿಕ್.

ಬೇರೆ ಯಾವ ವರ್ಷವಾಗಿದ್ದರೂ ಗಡಿಯಾರವಿರಬೇಕು ಎಂದುಕೊಂಡು ಕೆಲಸ ಮುಂದುವರಿಸುತ್ತಿದ್ದ. ಬೇರೆ ಯಾವನಾಗಿದ್ದರೂ ಜಿಪ್ಪು ಬಿಚ್ಚಿ ಇಣುಕುತ್ತಿದ್ದ. ಜಿಪ್ಪಣ್ಣ ಇಣುಕಲಿಲ್ಲ. ಚೀಲವನ್ನು ಹಸುಗೂಸಿನಂತೆ ಕೆಳಗಿಟ್ಟು, ಪೊಲೀಸರ ಬಳಿಗೆ ಓಡಿದ.

ನಿಲ್ದಾಣ ಖಾಲಿಯಾಯಿತು. ಚೀಲವನ್ನು ಕತ್ತರಿಸಿ ನೋಡಿದಾಗ ಸಿಕ್ಕಿದ್ದು ಶಾಲೆಯೊಂದರ ಗೋಡೆ ಗಡಿಯಾರ, ಒಂದು ಸ್ಕ್ರೂಡ್ರೈವರ್, ಒಂದಿಷ್ಟು ತಂತಿ. ಇನ್‌ಸ್ಪೆಕ್ಟರ್ ಹೊಟ್ಟೆ ಹಿಡಿದುಕೊಂಡು ನಕ್ಕರು. “ಏನಪ್ಪಾ, ನಮ್ಮ ಜೀವಾನೇ ತೆಗೆದುಬಿಟ್ಟಿದ್ದೆಯಲ್ಲೋ!” ಜಿಪ್ಪಣ್ಣನಿಗೂ ಹೋದ ಉಸಿರು ಬಂದಂತಾಯಿತು. ಅಷ್ಟರಲ್ಲಿ ಅವರ ಫೋನ್ ಮೊಳಗಿತು. ಅವರು ಸೆಟೆದು ನಿಂತು, “ಆಗಲಿ ಸಾರ್,” ಅಂದರು. ಫೋನ್ ಇಟ್ಟ ಮೇಲೆ ನಗಲಿಲ್ಲ.

ಸಂಜೆ ಹೇಳಿದಂತೆಯೇ ಬಂದ ಆ ಮನುಷ್ಯನನ್ನು ಜಿಪ್ಪಣ್ಣನ ಕಣ್ಣೆದುರೇ ಹಿಡಿದು ವ್ಯಾನಿಗೆ ತಳ್ಳಿದರು. “ಅಣ್ಣಾ, ನನ್ನ ಗಡಿಯಾರ…” ಎಂದಷ್ಟೇ ಕೇಳಿಸಿತು. ಮರುದಿನ ಪತ್ರಿಕೆಗಳಲ್ಲಿ ಆ ಮುಖ ಇತ್ತು. ಗಡಿಯಾರದ ಸುದ್ದಿ ಇರಲಿಲ್ಲ.

ಆ ಮನುಷ್ಯನ ಹೆಂಡತಿ ಜಿಪ್ಪಣ್ಣನನ್ನು ಹುಡುಕಿಕೊಂಡು ಬಂದಳು. ತೊಟ್ಟಿಯ ಹಿಂದಿನ ಓಣಿಯಲ್ಲೇ ಅವರ ಹೊಸ ಬಾಡಿಗೆ ಮನೆ. ಅವಳು ಬೈದಿದ್ದರೆ ಜಿಪ್ಪಣ್ಣನಿಗೆ ಹಗುರವಾಗುತ್ತಿತ್ತೇನೋ. ಅವಳು ಬೈಯಲಿಲ್ಲ.

“ಗಡಿಯಾರ ರಿಪೇರಿ ಮಾಡೋರು ಅವರು, ಬೇರೇನೂ ಗೊತ್ತಿಲ್ಲ. ನಾನು ಹೇಳಿದ್ರೆ ಯಾರೂ ಕೇಳಲ್ಲ. ನಾಳೆ ಮಂತ್ರಿಗಳ ಸಭೇಲಿ ನಿಮ್ಮನ್ನ ವೇದಿಕೆಗೆ ಕರೀತಾರಂತಲ್ಲ? ಚೀಲದಲ್ಲಿ ಇದ್ದದ್ದು ಗಡಿಯಾರ ಅಂತ ಒಂದು ಮಾತು ಹೇಳಿಬಿಡಿ ಅಣ್ಣಾ.”

“ಹೇಳ್ತೀನಮ್ಮಾ, ಖಂಡಿತ ಹೇಳ್ತೀನಿ.”

ಇನ್‌ಸ್ಪೆಕ್ಟರಿಗೂ ಅದನ್ನೇ ಹೇಳಿದ. ಅವರು ಮೇಜಿನ ಮೇಲಿನ ಧೂಳು ನೋಡುತ್ತ, “ವೋಟು ಮುಗೀಲಿ, ಆಮೇಲೆ ನೋಡೋಣ. ನಿಂಗೂ ಅಂಗಡಿ ಇದೆ, ನೆನಪಿರಲಿ,” ಅಂದರು.

ಮೈದಾನದಲ್ಲಿ ಸೂಜಿ ಬಿದ್ದರೆ ನೆಲ ಸಿಗದಷ್ಟು ಜನ. ಮಂತ್ರಿಗಳು ಜಿಪ್ಪಣ್ಣನ ಹೆಗಲ ಮೇಲೆ ಕೈಯಿಟ್ಟು, “ನಿಮ್ಮ ಮಕ್ಕಳ ಪ್ರಾಣ ಉಳಿಸಿದ ವೀರ!” ಅಂದರು. ಮೈಕು ಅವನ ಬಾಯಿಗೆ ಬಂತು. ಅಂಗಡಿ ಹೋದರೆ ಹೋಗಲಿ ಎಂದುಕೊಂಡ.

“ಸ್ವಾಮೀ, ಆ ಚೀಲದಲ್ಲಿ ಇದ್ದದ್ದು ಗಡಿಯಾರ. ಬರೀ ಗಡಿಯಾರ. ಪೊಲೀಸರೂ ನೋಡಿದ್ದಾರೆ.”

ಮಂತ್ರಿಗಳ ಕೈ ಅವನ ಹೆಗಲನ್ನು ಬಿಗಿಯಾಗಿ ಹಿಡಿಯಿತು. ಮುಖದ ನಗು ಅಲುಗಲಿಲ್ಲ. ಮೈಕನ್ನು ಮೆಲ್ಲಗೆ ತಮ್ಮ ಕಡೆ ತಿರುಗಿಸಿಕೊಂಡರು.

“ಕೇಳಿದಿರಾ? ಗಡಿಯಾರ! ಗಡಿಯಾರ ಯಾಕೆ ಬೇಕು ಅಂಥವರಿಗೆ? ಹೊತ್ತು ಗೊತ್ತು ಮಾಡಿಟ್ಟಿದ್ದರು! ಇವತ್ತು ಗಡಿಯಾರ, ನಾಳೆ ಏನು?”

ಜನ ಹೋ ಎಂದು ಎದ್ದರು. “ಅಲ್ಲ, ಅಲ್ಲ, ನಾನು ಹೇಳಿದ್ದು ಹಾಗಲ್ಲ!” ಎಂದು ಜಿಪ್ಪಣ್ಣ ಕೂಗಿದ್ದು ಅವನ ಕಿವಿಗೇ ಕೇಳಿಸಲಿಲ್ಲ. ಯಾರೋ ಅವನನ್ನು ವೇದಿಕೆಯಿಂದ ಎಳೆದು ಹೆಗಲ ಮೇಲೆ ಕೂರಿಸಿಕೊಂಡರು.

“ಆ ಗಡಿಯಾರದವನ ಮನೆ ಎಲ್ಲಿದೆಯಂತೋ?” ಎಂದು ಕೆಳಗೆ ಒಂದು ದನಿ.

“ತೊಟ್ಟಿ ಹಿಂದಿನ ಓಣೀಲಂತೆ. ಹೆಂಡತಿ ಒಬ್ಬಳೇ ಇದ್ದಾಳಂತೆ.”

ಹೆಗಲ ಎತ್ತರದಿಂದ ಜಿಪ್ಪಣ್ಣನಿಗೆ ಎಲ್ಲವೂ ಕಾಣುತ್ತಿತ್ತು. ಗುಂಪಿನ ಅಂಚಿನಿಂದ ಹುಡುಗರ ದಂಡೊಂದು ಬೇರ್ಪಟ್ಟು ನಿಲ್ದಾಣದ ಕಡೆ ಹೊರಟಿತ್ತು. ಯಾರಿಗೂ ಅವಸರವಿದ್ದಂತೆ ಕಾಣಲಿಲ್ಲ.

“ಇಳಿಸ್ರೋ! ನನ್ನನ್ನ ಇಳಿಸ್ರಪ್ಪಾ, ಕೈ ಮುಗೀತೀನಿ!” ಎಂದು ಅವನು ಕೆಳಗಿದ್ದವನ ತಲೆಗೂದಲು ಹಿಡಿದು ಜಗ್ಗಿದ.

“ನಾಚ್ಕೋತಿದ್ದಾನೆ ಕಣ್ರೋ ನಮ್ಮ ವೀರ!” ಎಂದು ಕೆಳಗಿದ್ದವನು ನಕ್ಕು, ಇನ್ನಷ್ಟು ಮೇಲಕ್ಕೆತ್ತಿದ.